ಹಿಂದಿನ ಸೀಟಿಗೆ ಕಾಜಾ

ಬೆಳಗಿನ ಬಸ್ಸಿನ ಪಾಡು ನಿಮಗೇನೂ ಹೊಸದಲ್ಲ. ಬಂದರೆ ಎರಡು ಒಟ್ಟಿಗೆ ಬರುತ್ತವೆ, ಬಾರದಿದ್ದರೆ ಒಂದೂ ಇಲ್ಲ. ನಮ್ಮ ಟೈಲರಕ್ಕನೂ ವರ್ಷಗಟ್ಟಲೆ ಹಾಗೆ ರಸ್ತೆ ನೋಡುತ್ತಾ ನಿಂತವಳೇ. ಒಂದು ಕೈಯಲ್ಲಿ ಹೊಲಿದ ಬಟ್ಟೆಗಳ ಚೀಲ, ಇನ್ನೊಂದು ಕೈಯಲ್ಲಿ ಶಾಲೆಗೆ ಹೊರಟ ಮಗಳು. ಮಗಳನ್ನು ಶಾಲೆಗೆ ಬಿಟ್ಟು ಪೇಟೆಯಲ್ಲಿರುವ ತನ್ನ ಹೊಲಿಗೆ ಅಂಗಡಿಯ ಬಾಗಿಲು ತೆಗೆಯುವ ಹೊತ್ತಿಗೆ ಅರ್ಧ ಜೀವ ಹೋಗಿರುತ್ತಿತ್ತು.

ಆದರೂ ಬಸ್ಸು ಅವಳಿಗೆ ಅಭ್ಯಾಸವಾಗಿತ್ತು. ಅಭ್ಯಾಸವಾಗದೆ ಉಳಿದದ್ದು ವಾರಗಿತ್ತಿಯ ಕಾರು.

ವಾರಗಿತ್ತಿ ಎಂದರೆ ಮೈದುನನ ಹೆಂಡತಿ. ದೊಡ್ಡಾಸ್ಪತ್ರೆಯಲ್ಲಿ, ಅಪಘಾತದವರನ್ನು ಕರೆತರುವ ವಿಭಾಗದಲ್ಲಿ ಕೆಲಸ. ಬೀದಿಯವರೆಲ್ಲ ಅವಳನ್ನು ನರ್ಸಮ್ಮ ಎನ್ನುತ್ತಿದ್ದರು. ಒಂದೇ ಮನೆ, ಕೆಳಗೆ ಟೈಲರಕ್ಕ, ಅವಳ ಗಂಡ, ಮಗಳು, ಅತ್ತೆ. ಮಹಡಿಯ ಮೇಲೆ ನರ್ಸಮ್ಮ ಮತ್ತು ಅವಳ ಗಂಡ. ನರ್ಸಮ್ಮ ಕೆಲಸಕ್ಕೆ ಹೋಗಿಬರಲು ಒಂದು ಪುಟ್ಟ ಕಾರು ಕೊಂಡಿದ್ದಳು. ದೊಡ್ಡವರು ಕೂತರೆ ಮೊಣಕಾಲು ಮುಂದಿನ ಸೀಟಿಗೆ ತಾಗುವಂಥದ್ದು. ಆದರೆ ಬಸ್ ನಿಲ್ದಾಣದಲ್ಲಿ ನಿಂತವರ ಕಣ್ಣಿಗೆ ಅದು ರಥಕ್ಕೇನೂ ಕಮ್ಮಿಯಿರಲಿಲ್ಲ.

ಆ ಕಾರು ದಿನವೂ ನಿಲ್ದಾಣದ ಎದುರು ನಿಧಾನವಾಗುತ್ತಿತ್ತು. ಕಿಟಕಿ ಇಳಿಯುತ್ತಿತ್ತು.

"ಬನ್ನಿ ಅಕ್ಕ, ಆ ಕಡೆಗೇ ಹೋಗ್ತಿದೀನಿ."

"ಬೇಡ ಕಣೇ, ಬಸ್ ಬಂದೇ ಬಿಡ್ತು."

ಎಲ್ಲಿಯ ಬಸ್ಸು? ಕಣ್ಣು ಹಾಯುವಷ್ಟು ದೂರಕ್ಕೂ ಬಸ್ಸಿನ ಸುಳಿವಿರುತ್ತಿರಲಿಲ್ಲ. ಮಗಳು ಅಮ್ಮನ ಮುಖ ನೋಡುತ್ತಿದ್ದಳು, ಅಮ್ಮ ಆಕಾಶ ನೋಡುತ್ತಿದ್ದಳು.

ಇದನ್ನೂ ಸಹಿಸಿಕೊಳ್ಳಬಹುದಿತ್ತು. ಆದರೆ ಒಂದು ದಿನ ನರ್ಸಮ್ಮ ಅತ್ತೆಯನ್ನು ಕಣ್ಣಿನ ಆಸ್ಪತ್ರೆಗೆ ಕಾರಿನಲ್ಲಿ ಕರೆದುಕೊಂಡು ಹೋಗಿ ಬಂದಳು. ಅತ್ತೆ ಬಂದವರೇ ಶುರು ಮಾಡಿದರು.

"ಏನು ಸುಖ ಅಂತೀಯ! ಹಿಂದೆ ಕೂರಿಸಿ, ಬೆಲ್ಟ್ ಹಾಕಿ, ದಿಂಬು ಕೊಟ್ಟು... ಹೊಟ್ಟೇಲಿ ನೀರು ಅಲ್ಲಾಡಲಿಲ್ಲ ನೋಡು."

"ಹೌದೌದು, ವಿಮಾನದಲ್ಲಿ ಹೋಗಿ ಬಂದ್ರಲ್ಲ" ಎಂದಳು ಟೈಲರಕ್ಕ. ಲೋಟವನ್ನು ಕುಕ್ಕಿದ ಸದ್ದು ಮಹಡಿಗೂ ಕೇಳಿಸಿತು. ಅವಳ ಹೊಟ್ಟೆಯೊಳಗೆ ಯಾರೋ ಒಲೆ ಹಚ್ಚಿದಂತಿತ್ತು. ಇಷ್ಟು ವರ್ಷ ಅತ್ತೆಗೆ ಅಡುಗೆ ಮಾಡಿ ಹಾಕಿದವಳು ತಾನು, ಹೊಗಳಿಕೆ ಮಾತ್ರ ಮಹಡಿಯವಳಿಗೆ!

ಅಂದೇ ಗಂಡನ ಮುಂದೆ ಮಾತೆತ್ತಿದಳು. "ರೀ, ನಾವೂ ಒಂದು ಕಾರು ತಗೊಳ್ಳೋಣ."

ಗಂಡ ತಣ್ಣಗೆ ಹೇಳಿದ, "ಹುಲೀನ ನೋಡಿ ನರಿ ಬರೆ ಹಾಕ್ಕೊಂಡ್ತಂತೆ."

"ಯಾರ್ರೀ ನರಿ?"

"ನಾನು ಬರೀ ಗಾದೆ ಹೇಳ್ದೆ."

"ಗಾದೇನ ನೀವೇ ಇಟ್ಕೊಳ್ಳಿ, ನಂಗೆ ಕಾರು ಕೊಡ್ಸಿ."

ಅವಳು ಡ್ರೈವಿಂಗ್ ಕಲಿತಳು. ಲೈಸೆನ್ಸೂ ಬಂತು, ಕಾರೂ ಬಂತು. ನಿಜ ಹೇಳಬೇಕೆಂದರೆ ಆ ಮನೆಗೆ ಅದು ಬೇಕಾಗಿಯೇ ಇತ್ತು. ಮಗಳ ಶಾಲೆ, ಅಂಗಡಿ, ಅತ್ತೆಯ ಆಸ್ಪತ್ರೆ, ಎಲ್ಲಕ್ಕೂ ಅನುಕೂಲ. ಆದರೆ ಎರಡು ಕಾರುಗಳನ್ನು ಮನೆಯ ಮುಂದೆ ಅಕ್ಕಪಕ್ಕ ನಿಲ್ಲಿಸಿದಾಗ ಅವಳಿಗೆ ಒಂದು ಸಂಕಟ ಹುಟ್ಟಿತು. ಬಣ್ಣವೊಂದು ಬಿಟ್ಟರೆ ಎರಡೂ ಅವಳಿಜವಳಿ. ಹೆಚ್ಚುಗಾರಿಕೆ ಎಲ್ಲಿಂದ ತರುವುದು?

ಸೂಜಿ ಹಿಡಿದವಳಿಗೆ ಉತ್ತರ ಹೊಳೆಯಲು ಎಷ್ಟು ಹೊತ್ತು? ಅಂಗಡಿಯಲ್ಲಿದ್ದ ಮಿರಿಮಿರಿ ಮಿಂಚುವ ಹಸಿರು ಸ್ಯಾಟಿನ್ ತೆಗೆದಳು. ಒಳಗೆ ಸ್ಪಂಜು, ಅಂಚಿಗೆ ಫ್ರಿಲ್ಲು, ಮೂಲೆಮೂಲೆಗೆ ಲೇಸು. ಸೀಟ್ ಕವರ್ ಮದುಮಗಳ ಉಡುಪಿಗೆ ಸಮನಾಗಿತ್ತು. ಗಂಡ ನೋಡಿ, "ಮೂಗಿಗಿಂತ ಮೂಗುತಿ ಭಾರ ಆಯ್ತು" ಎಂದ. ಅವಳು ಕೇಳಿಸಿಕೊಳ್ಳಲಿಲ್ಲ.

ಒಂದೇ ಒಂದು ತೊಡಕು ಎದುರಾಯಿತು. ಹಿಂದಿನ ಸೀಟಿನ ಸಂದಿಯಿಂದ ಬೆಲ್ಟ್ ಸಿಕ್ಕಿಸುವ ಕಪ್ಪು ಬಕಲ್‌ಗಳು ತಲೆ ಎತ್ತಿ ನಿಂತಿದ್ದವು. ಅವುಗಳಿಂದ ಕವರಿನ ಫಿಟಿಂಗ್ ಕೆಡುತ್ತಿತ್ತು. ಕಾಜಾ ಎಂದರೆ ಗುಂಡಿ ತೂರುವ ತೂತು. ಎಷ್ಟು ಸಾವಿರ ಅಂಗಿಗಳಿಗೆ ಕಾಜಾ ಮಾಡಿದ್ದಳೋ ಅವಳಿಗೇ ಲೆಕ್ಕವಿಲ್ಲ. ಆದರೆ ಇಂಥ ಸ್ಯಾಟಿನ್‌ಗೆ ತೂತು ಹಾಕಲು ಮನಸ್ಸು ಬರಲಿಲ್ಲ. ಬಕಲ್‌ಗಳನ್ನು ಸಂದಿಯೊಳಗೆ ತುರುಕಿ, ಅವುಗಳ ಮೇಲೆ ಕವರನ್ನು ಬಿಗಿಯಾಗಿ ಎಳೆದು, ಹೊಲಿದೇಬಿಟ್ಟಳು.

ಬೀದಿಯ ಹೆಂಗಸರೆಲ್ಲ ಬಂದು ನೋಡಿದರು, ಮುಟ್ಟಿದರು, ಬಾಯಿ ತೆರೆದರು. ನರ್ಸಮ್ಮನೂ ಬಂದಳು. ಫ್ರಿಲ್ಲಿನ ಮೇಲೆ ನಿಧಾನವಾಗಿ ಬೆರಳಾಡಿಸಿದಳು.

"ತುಂಬಾ ಚೆನ್ನಾಗಿದೆ ಅಕ್ಕ. ಆದ್ರೆ ಹಿಂದಿನ ಬಕಲ್‌ಗಳೆಲ್ಲಿ?"

"ಒಳಗಿವೆ."

"ಒಳಗಿದ್ರೆ ಬೆಲ್ಟ್ ಹಾಕೋದು ಹೇಗೆ?"

"ಹಿಂದೆ ಕೂರೋರಿಗೆ ಯಾತರ ಬೆಲ್ಟು? ಪೊಲೀಸರು ನೋಡೋದು ಮುಂದೆ ಕೂತೋರನ್ನ. ಊರೊಳಗೆ ಓಡಾಡೋ ಪುಟ್ಟ ಕಾರು ಕಣೇ ಇದು. ರೇಸಿಗೇನು ಹೋಗ್ತೀವಾ?"

"ಹಾಗಲ್ಲ ಅಕ್ಕ..."

"ಗೊತ್ತಾಯ್ತು ಬಿಡು" ಎಂದಳು ಟೈಲರಕ್ಕ, ನಗುತ್ತಾ, ನಾಲ್ಕು ಜನರಿಗೆ ಕೇಳಿಸುವಂತೆ. "ಚಂದ ಕಂಡ್ರೆ ಕೆಲವರಿಗೆ ಕಣ್ಣಲ್ಲಿ ಕಸ ಬಿದ್ದ ಹಾಗಾಗುತ್ತೆ."

ನರ್ಸಮ್ಮನ ಮುಖ ಕೆಂಪಾಯಿತು. ಅರ್ಧ ಮಾತನ್ನು ಅಲ್ಲೇ ಬಿಟ್ಟು ಮಹಡಿ ಹತ್ತಿದಳು. ಟೈಲರಕ್ಕನಿಗಾದ ಸಂತೋಷಕ್ಕೆ ಪಾರವಿರಲಿಲ್ಲ. ಇಷ್ಟು ದಿನ ಉರಿದದ್ದು ತನ್ನ ಹೊಟ್ಟೆ, ಈಗ ಅವಳದು! ಅಂದು ಅವಳು ಎರಡು ತುತ್ತು ಹೆಚ್ಚಿಗೆ ಉಂಡಳು.

ಇದಾಗಿ ಕೆಲವು ದಿನಗಳಿಗೆ ಅತ್ತೆ ಮತ್ತೆ ಕಣ್ಣಿನ ಆಸ್ಪತ್ರೆಗೆ ಹೋಗಬೇಕಾಯಿತು. ಬೆಳಿಗ್ಗೆ ಇಬ್ಬರು ಸೊಸೆಯರೂ ಒಟ್ಟಿಗೇ ಕಾರಿನ ಬಾಗಿಲು ತೆರೆದರು.

"ಬನ್ನಿ ಅತ್ತೆ, ನನ್ನ ದಾರೀಲೇ ಇದೆ" ಎಂದಳು ನರ್ಸಮ್ಮ.

"ಯಾಕೆ, ನಮ್ಮ ಕಾರಿಗೆ ಗಾಲಿ ಇಲ್ವಾ?" ಎಂದಳು ಟೈಲರಕ್ಕ.

ಅತ್ತೆ ಅತ್ತ ನೋಡಿದರು, ಇತ್ತ ನೋಡಿದರು. ದಿನವೂ ಊಟ ಹಾಕುವವಳ ಕಾರಿಗೆ ಹೋಗುವುದೇ ಕ್ಷೇಮವೆಂದು ಹಸಿರು ಸ್ಯಾಟಿನ್ ಮೇಲೆ ಕೂತರು. ನರ್ಸಮ್ಮ ಏನೋ ಹೇಳಲು ಬಾಯಿ ತೆರೆದವಳು ಮುಚ್ಚಿಕೊಂಡಳು. ಮಗಳು ಮುಂದೆ ಕೂತು ಬೆಲ್ಟ್ ಹಾಕಿಕೊಂಡಳು. ಟೈಲರಕ್ಕನೂ ಹಾಕಿಕೊಂಡಳು, ಪೊಲೀಸರ ಭಯಕ್ಕೆ.

"ಜಾರುತ್ತೆ ಕಣೇ ಇದು" ಎಂದರು ಅತ್ತೆ.

"ಹೊಸದಲ್ವಾ ಅತ್ತೆ, ಕೂತೂ ಕೂತೂ ಸರಿಹೋಗುತ್ತೆ."

ಮಾರುಕಟ್ಟೆಯ ಹತ್ತಿರ ಬಂದಾಗ ನರ್ಸಮ್ಮನ ಕಾರು ಮುಂದೆ ಕಂಡಿತು. ಅದು ಮುಂದೆ, ತಾನು ಹಿಂದೆ! ಟೈಲರಕ್ಕನ ಪಾದ ತಾನಾಗಿಯೇ ಆಕ್ಸಿಲರೇಟರ್ ಒತ್ತಿತು. ದಾಟಿದಳು. ದಾಟುವಾಗ ಪಕ್ಕಕ್ಕೆ ತಿರುಗಿ ನೋಡಲೂ ಮರೆಯಲಿಲ್ಲ. ಅಷ್ಟರಲ್ಲಿ ಸಂದಿಯಿಂದ ಒಂದು ತರಕಾರಿಯ ಕೈಗಾಡಿ ರಸ್ತೆಗಿಳಿಯಿತು.

ಬ್ರೇಕ್ ತುಳಿದಳು. ಕಾರು ನಿಂತಿತು. ಕೈಗಾಡಿಗೆ ಗೀರೂ ಬೀಳಲಿಲ್ಲ.

ಕಾರು ನಿಂತಿತು, ಅತ್ತೆ ನಿಲ್ಲಲಿಲ್ಲ. ಸ್ಯಾಟಿನ್ ಮೇಲಿಂದ ಜಾರಿ ಹೋಗಿ ಮೊಮ್ಮಗಳ ಸೀಟಿನ ಬೆನ್ನಿಗೆ ಮುಖ ಕೊಟ್ಟು ಬಿದ್ದರು. ಅವರ ಹಲ್ಲಿನ ಸೆಟ್ ಹಾರಿ ಸ್ಟಿಯರಿಂಗಿನ ಮುಂದೆ ಬಂದು ಕೂತಿತು. ಬೇರೆ ದಿನವಾಗಿದ್ದರೆ ಮಗಳು ಬಿದ್ದು ಬಿದ್ದು ನಗುತ್ತಿದ್ದಳು. ಆದರೆ ಅಜ್ಜಿಯ ಹುಬ್ಬಿನಿಂದ ರಕ್ತ ಇಳಿಯುತ್ತಿತ್ತು. ಮೈ ಕೆಳಗೆ ಸಿಕ್ಕಿದ ಕೈ ಸೊಟ್ಟಗಾಗಿತ್ತು.

ಹಿಂದೆ ಬರುತ್ತಿದ್ದ ನರ್ಸಮ್ಮ ಕಾರು ನಿಲ್ಲಿಸಿ ಓಡಿ ಬಂದಳು. "ಎಳೀಬೇಡಿ ಅಕ್ಕ, ಹಾಗೇ ಬಿಡಿ. ಅತ್ತೆ, ಕುತ್ತಿಗೆ ನೋಯ್ತಿದ್ಯಾ? ಕಾಲು ಆಡಿಸಿ ನೋಡೋಣ" ಎನ್ನುತ್ತಾ ಹುಬ್ಬಿಗೆ ಬಟ್ಟೆ ಒತ್ತಿ ಹಿಡಿದಳು. ಕೈಯನ್ನು ಮಗಳ ಪುಸ್ತಕಕ್ಕೆ ಒರಗಿಸಿ ಕಟ್ಟಿದಳು. ಆಂಬುಲೆನ್ಸ್ ಕರೆಸಿ ತನ್ನ ಆಸ್ಪತ್ರೆಗೇ ಸೇರಿಸಿದಳು.

ಮಣಿಕಟ್ಟಿನ ಮೂಳೆ ಮುರಿದಿತ್ತು. ಹುಬ್ಬಿಗೆ ಹೊಲಿಗೆ ಬಿತ್ತು. ಜೀವನವಿಡೀ ಹೊಲಿಗೆಯಿಂದಲೇ ಅನ್ನ ಉಂಡವಳಿಗೆ ಆ ಹೊಲಿಗೆ ನೋಡಲಾಗಲಿಲ್ಲ. ಮಗಳ ಜೊತೆ ಹೊರಗಿನ ಬೆಂಚಿನ ಮೇಲೆ ಬಂದು ಕೂತು ಅತ್ತಳು. ನರ್ಸಮ್ಮ ಪಕ್ಕದಲ್ಲಿ ಬಂದು ಕೂತಳು.

"ಹೇಳು" ಎಂದಳು ಟೈಲರಕ್ಕ. "'ನಾನವತ್ತೇ ಹೇಳಿದ್ದೆ' ಅಂತ ಹೇಳಿಬಿಡು. ಕೇಳಿಸ್ಕೋತೀನಿ."

"ಎಲ್ಲಿ ಹೇಳ್ದೆ ಅಕ್ಕ? ಅರ್ಧ ಹೇಳಿ ಮೇಲೆ ಹೋದೆ." ನರ್ಸಮ್ಮ ನೆಲ ನೋಡುತ್ತಿದ್ದಳು. "ನೀವವತ್ತು ಅಂದದ್ದು ನಿಜ. ಆ ಕವರ್ ನೋಡಿ ನಂಗೆ ಹೊಟ್ಟೆ ಉರೀತು. ನಂಗೆ ಒಂದು ಗುಂಡಿ ಹೊಲಿಯೋಕೂ ಬರಲ್ಲ. ಬೀದಿಯೋರೆಲ್ಲ ನಿಮ್ಮ ಕಾರಿನ ಸುತ್ತ ನಿಂತಿದ್ರು. ಮತ್ತೆ ಹೇಳೋಣ ಅಂದ್ರೆ, ಬೆಲ್ಟಿಗೋಸ್ಕರ ಹೇಳ್ತಿದೀನೋ ಹೊಟ್ಟೆಕಿಚ್ಚಿಗೆ ಹೇಳ್ತಿದೀನೋ ನಂಗೇ ತಿಳೀಲಿಲ್ಲ. ಇವತ್ತು ಬೆಳಿಗ್ಗೇನೂ ಸುಮ್ನಾದೆ. ದಿನಾ ಇಂಥೋರನ್ನ ನೋಡೋಳು, ನಾನೇ ಸುಮ್ನಾದೆ!"

ಇವಳ ಬಾಯಿಂದ ಈ ಮಾತು ಕೇಳಬೇಕೆಂದು ಟೈಲರಕ್ಕ ಎಷ್ಟು ಹಂಬಲಿಸಿದ್ದಳು! ಈಗ ಕೇಳಿದರೆ ರುಚಿಯೇ ಇರಲಿಲ್ಲ. ವಾರಗಿತ್ತಿಯ ಕೈ ಹಿಡಿದುಕೊಂಡಳು.

"ಆದ್ರೂ ಒಂದು ಕೇಳ್ತೀನಿ. ನಾನೇನು ಅಂಥಾ ಜೋರಾಗಿ ಓಡಿಸ್ತಿರಲಿಲ್ಲ. ಗುದ್ದಲೂ ಇಲ್ಲ. ಮತ್ಯಾಕೆ ಹೀಗಾಯ್ತು?"

"ಬ್ರೇಕ್ ಇರೋದು ಕಾರಿಗೆ ಅಕ್ಕ, ಒಳಗೆ ಕೂತೋರಿಗೆಲ್ಲಿದೆ? ಕಾರು ನಿಂತ್ರೂ ಮೈ ಅದೇ ವೇಗದಲ್ಲಿ ಮುಂದಕ್ಕೆ ಹೋಗುತ್ತೆ. ನಮಗಿರೋ ಬ್ರೇಕು ಅಂದ್ರೆ ಬೆಲ್ಟೇ. ಮುಂದೆ ಕೂತ್ರೂ ಅಷ್ಟೇ, ಹಿಂದೆ ಕೂತ್ರೂ ಅಷ್ಟೇ. ಇವತ್ತು ಬರೀ ಬ್ರೇಕ್ ಹಾಕಿದ್ದು. ಎದುರಿಗೆ ಲಾರಿಗೆ ಗುದ್ದಿದ್ರೆ ಅತ್ತೆ ಮೈಭಾರ ಎಲ್ಲಾ ಬಂದು ಮಗು ಬೆನ್ನ ಮೇಲೆ ಬೀಳ್ತಿತ್ತು. ಹಿಂದಿನೋರು ಬೆಲ್ಟ್ ಹಾಕದಿದ್ರೆ ಮುಂದಿನೋರಿಗೂ ಅಪಾಯ."

ಟೈಲರಕ್ಕ ಮಗಳನ್ನು ಹತ್ತಿರ ಎಳೆದುಕೊಂಡಳು.

"ಬೆಲ್ಟ್ ಹೊಟ್ಟೆ ಒತ್ತುತ್ತೆ ಅಂತಾರಲ್ಲೇ ಜನ?"

"ಹೊಟ್ಟೆ ಮೇಲೆ ಹಾಕಿದ್ರೆ ಒತ್ತುತ್ತೆ. ಕೆಳಗಿನ ಪಟ್ಟಿ ಸೊಂಟದ ಮೂಳೆ ಮೇಲೆ ಕೂರ್ಬೇಕು. ಮೇಲಿನದು ಭುಜದ ನಡುವಿಂದ ಎದೆ ಮೇಲೆ ಬರ್ಬೇಕು, ಕುತ್ತಿಗೆಗೆ ತಾಗ್ಬಾರ್ದು. ಕಂಕುಳ ಕೆಳಗೆ ತೂರಿಸ್ಬಾರ್ದು, ತಿರುಚಿರ್ಬಾರ್ದು."

"ಅಂದ್ರೆ ಫಿಟಿಂಗ್ ಸರಿ ಇರ್ಬೇಕು ಅನ್ನು."

"ಅದೇ. ಬೆಲ್ಟ್ ಕುತ್ತಿಗೆಗೆ ಬರೋಷ್ಟು ಪುಟ್ಟ ಮಕ್ಕಳಿಗೆ ಮಕ್ಕಳದ್ದೇ ಸೀಟು ಬೇಕು. ತೊಡೆ ಮೇಲೆ ಕೂರಿಸ್ಕೊಂಡು ಗಟ್ಟಿಯಾಗಿ ಹಿಡ್ಕೋತೀನಿ ಅಂತಾರೆ. ಆ ಹೊಡೆತಕ್ಕೆ ಯಾರ ಕೈಯೂ ನಿಲ್ಲಲ್ಲ ಅಕ್ಕ."

ಮನೆಗೆ ಬಂದವಳೇ ಟೈಲರಕ್ಕ ಕತ್ತರಿ ತೆಗೆದುಕೊಂಡು ಕಾರಿನೊಳಗೆ ಹೊಕ್ಕಳು. ಗಂಡ ಓಡಿ ಬಂದ. "ಅಯ್ಯೋ, ಅಷ್ಟು ಚಂದದ್ದನ್ನ..."

"ಸುಮ್ನಿರ್ರೀ. ಚಂದ ನೋಡ್ಕೊಂಡೇ ಇಲ್ಲಿಗೆ ಬಂತು."

ಸ್ಯಾಟಿನ್ ಎಲ್ಲ ಕಿತ್ತು ಬಂತು. ಜಾರದ ಒರಟು ಹತ್ತಿ ಬಟ್ಟೆಯಲ್ಲಿ ಹೊಸ ಕವರ್ ಹೊಲಿದಳು. ಈ ಸಲ ಪ್ರತಿಯೊಂದು ಬಕಲ್‌ಗೂ ಒಂದೊಂದು ಕಾಜಾ. ಅಂಚು ಬಿಚ್ಚದಂತೆ ಎರಡೆರಡು ಸಲ ದಾರ ಓಡಿಸಿದಳು. ಬಕಲ್‌ಗಳು ಹೊರಗೆ ತಲೆ ಹಾಕಿ ನಿಂತವು. ಅದೇ ಬಟ್ಟೆಯಲ್ಲಿ ನರ್ಸಮ್ಮನ ಕಾರಿಗೂ ಒಂದು ಹೊಲಿದುಕೊಟ್ಟಳು. ಫ್ರಿಲ್ ಮಾತ್ರ ತನ್ನದಕ್ಕಷ್ಟೇ ಹಾಕಿಕೊಂಡಳು. ಹೊಟ್ಟೆಕಿಚ್ಚೇನು ಒಂದೇ ದಿನಕ್ಕೆ ಆರುವ ಬೆಂಕಿಯೇ?

ಪಟ್ಟಿ ಹಾಕಿದ ಕೈಯೊಂದಿಗೆ ಅತ್ತೆ ಮತ್ತೆ ಕಾರು ಹತ್ತುವ ದಿನ ಬಂತು. ಅಂದು ಟೈಲರಕ್ಕನ ಗಂಡನೂ ಹಿಂದೆ ತಾಯಿಯ ಪಕ್ಕ ಕೂತಿದ್ದ. ಅತ್ತೆಗೆ ಬೆಲ್ಟ್ ಹಾಕಲು ಆ ಬಾಗಿಲಿಂದ ಒಬ್ಬ ಸೊಸೆ, ಈ ಬಾಗಿಲಿಂದ ಇನ್ನೊಬ್ಬಳು ಬಗ್ಗಿದರು. ಇಬ್ಬರ ತಲೆಗಳೂ ಢೀ ಕೊಟ್ಟವು.

"ನಾನೇನು ಗೊಂಬೆನೇನ್ರೇ?" ಎಂದು ರೇಗಿದ ಅತ್ತೆ ಮಗನತ್ತ ತಿರುಗಿದರು. "ನೀನು ಹಾಕ್ಕೊಂಡ್ಯೇನೋ?"

"ಇಲ್ಲೇ ತಿರುವಿನ ತನಕ ಅಲ್ವೇನಮ್ಮ..."

"ಅದು ಟಕ್ ಅನ್ನೋ ಸದ್ದು ಕೇಳೋ ತನಕ ಕಾರು ಹೊರಡಲ್ಲ. ಹಾಕ್ಕೋತೀಯೋ, ಇಳಿದು ಬಸ್ಸಿಗೆ ಹೋಗ್ತೀಯೋ?"

ಟಕ್ ಎಂದಿತು. ಕಾರು ಹೊರಟಿತು.

ಈಗ ನಿಮ್ಮೊಂದಿಗೆ ನಾಲ್ಕು ಮಾತು. ನಿಮ್ಮ ಮನೆ ಮುಂದೆಯೂ ಒಂದು ಪುಟ್ಟ ಕಾರು ನಿಂತಿರಬಹುದು. ನಾಳೆ ಹೊರಡುವ ಮುನ್ನ ಅದರ ಹಿಂದಿನ ಸೀಟಿನ ಸಂದಿಗೆ ಕೈ ಹಾಕಿ ನೋಡಿ. ಕವರಿನ ಕೆಳಗೆ ಬಕಲ್ ಹೂತುಹೋಗಿದ್ದರೆ ಇಂದೇ ಹೊರಗೆ ತೆಗೆಯಿರಿ. ಹತ್ತಿರದ ದಾರಿಯಾದರೂ ಸರಿ, ಹಿಂದೆ ಕೂತವರೂ ಬೆಲ್ಟ್ ಹಾಕಲಿ. ನೆರೆಯವರು ಹಾಕದಿದ್ದರೆ ಹೇಳಿ. ಕೇಳದಿದ್ದರೆ ಮತ್ತೆ ಹೇಳಿ. ಹೊಟ್ಟೆಕಿಚ್ಚು ಅಂದರೆ ಅನ್ನಲಿ, ಬಾಯಿ ಮುಚ್ಚಿಕೊಳ್ಳಬೇಡಿ. ಇನ್ನು, ಪಕ್ಕದವರ ಕಾರು ಕಂಡು ನಿಮ್ಮ ಹೊಟ್ಟೆ ಉರಿದರೆ ಉರಿಯಲಿ ಬಿಡಿ, ಅದನ್ನು ತಡೆಯುವ ಕಾನೂನು ಎಲ್ಲೂ ಇಲ್ಲ. ಉರಿಯುವ ಆ ಹೊಟ್ಟೆಯ ಕೆಳಗೆ, ಸೊಂಟದ ಮೂಳೆಯ ಮೇಲೆ, ಬೆಲ್ಟ್ ಮಾತ್ರ ಇರಲಿ.