ಮೊಳೆ ತುಂಬಿದ ಹಕ್ಕಿ

ನಾನು ಒಂದು ಸುಳ್ಳು ಹಕ್ಕಿ. ಹುಟ್ಟಿದ್ದು ಹರಿದ ಗೋಣಿಚೀಲದಿಂದ. ನಂಜನಗೂಡಿನ ಕಡೆಯ ಒಂದು ಬಂಗಲೆಯಲ್ಲಿ ನಾಯಿಗಳಿಗೆ ಗಂಜಿ ಕಾಯಿಸುತ್ತಿದ್ದ ಪುಟ್ಟಮಾದಮ್ಮ ನನ್ನನ್ನು ಮೊಳದುದ್ದ ಹೊಲಿದು, ಹೊಟ್ಟೆಗೆ ಹಳೇ ಹತ್ತಿ ತುಂಬಿ, ಎರಡು ಪಕ್ಕಕ್ಕೂ ಬಾತುಕೋಳಿಯ ರೆಕ್ಕೆ ಕಟ್ಟಿದಳು. ಕೆರೆಯ ಹಕ್ಕಿ ಹೊಡೆಯಲು ಸರ್ಕಾರವೇ ಪರವಾನಗಿ ಕೊಡುತ್ತಿದ್ದ ಕಾಲ ಅದು. ಗುಂಡು ತಗುಲಿ ನೀರಿಗೆ ಬಿದ್ದ ಹಕ್ಕಿಯನ್ನು ಎತ್ತಿ ತರಲೆಂದು ಬಂಗಲೆಯ ಯಜಮಾನರಾದ ಲಿಂಗರಾಜೇ ಅರಸರು ಒಂದು ಕರಿ ಲ್ಯಾಬ್ರಡಾರ್ ಮರಿ ತರಿಸಿದ್ದರು. ಅವರಿಟ್ಟ ಹೆಸರು ಡ್ಯೂಕ್. ಪುಟ್ಟಮಾದಮ್ಮನ ಬಾಯಲ್ಲಿ ಡೂಕ.

ನನ್ನನ್ನಿಟ್ಟುಕೊಂಡು ಅವನನ್ನು ಪಳಗಿಸಿದವಳು ಅವಳು. ನನ್ನನ್ನು ದೂರ ಎಸೆಯುವಳು. ಡೂಕ ಕೂತೇ ಇರಬೇಕು. "ತಗಂಬಾ" ಅಂದಮೇಲೆ ಓಡಬೇಕು. ತಂದು, "ಬುಡು" ಅಂದಾಗ ಬಿಡಬೇಕು. ಅವಳು ಒಂದು ದಿನವೂ ಎಳೆದವಳಲ್ಲ. ಅವನ ಗಲ್ಲದಡಿ ಅಂಗೈ ಒಡ್ಡಿ ಕಾಯುವಳು. ಅತ್ತ ಗಂಜಿ ತಳಹತ್ತಿದ ವಾಸನೆ ಬಂದರೂ ಏಳುತ್ತಿರಲಿಲ್ಲ. ಮೂರು ತಿಂಗಳಲ್ಲಿ ಅವನ ಬಾಯಿ ಎಷ್ಟು ಹಗುರವಾಯಿತೆಂದರೆ ನನ್ನ ಒಂದು ಗರಿಯೂ ನಲುಗುತ್ತಿರಲಿಲ್ಲ.

ಕೆಡಿಸಿದವರು ಅರಸರು. ಸಂಜೆ ನೆಂಟರು ಬಂದರೆ ಸಾಕು, ಜಗಲಿಯಲ್ಲಿ ನನ್ನ ಒಂದು ತುದಿಯನ್ನು ಡೂಕನ ಬಾಯಿಗೆ ತುರುಕಿ ಇನ್ನೊಂದನ್ನು ತಾವು ಜಗ್ಗುವರು.

"ಬಿಡಬೇಡ ಮಗನೇ, ಬಿಗಿಯಾಗಿ ಹಿಡಿ!"

ನೆಂಟರು ನಕ್ಕೂ ನಕ್ಕೂ ಸುಸ್ತಾಗುವರು. ನನ್ನ ಹೊಲಿಗೆ ಕಿತ್ತುಬರುವುದು.

"ಎಳ್ದಾಡ್ಬ್ಯಾಡಿ ಬುದ್ಧೀ, ಕಚ್ಚಾದ್ ಕಲ್ತ್‌ಬುಡ್ತದೆ," ಎಂದಳು ಪುಟ್ಟಮಾದಮ್ಮ.

"ನಿನ್ನ ಗಂಜಿ ನೀನು ನೋಡ್ಕೋ ಹೋಗು."

ಕೆರೆಗೆ ಹೋದ ಮೊದಲ ದಿನ ನಾನೂ ಚೀಲದಲ್ಲಿದ್ದೆ. ಡೂಕ ಈಜಿ ಹೋಗಿ ಬಾತು ತಂದ. ಅರಸರು ಜಗಲಿಯಲ್ಲಿ ಜಗ್ಗುವಂತೆಯೇ ಜಗ್ಗಿದರು. ಡೂಕನೂ ಜಗಲಿಯಲ್ಲಿ ಕಲಿತಂತೆಯೇ ಬಿಗಿಹಿಡಿದ. ಹಕ್ಕಿ ಎರಡು ತುಂಡಾಯಿತು.

"ಏನು ಅರಸರೇ, ನಿಮ್ಮ ನಾಯಿ ಹಕ್ಕಿನ ಸಾರಿಗೆ ತುಂಡು ಮಾಡೇ ಕೊಡ್ತದಲ್ಲ!" ಎಂದರು ಮೈಸೂರಿನಿಂದ ಬಂದಿದ್ದ ಸ್ನೇಹಿತರು.

ಅವಮಾನ ಹೊತ್ತು ಮನೆಗೆ ಬಂದ ಅರಸರು ನನ್ನ ಹೊಟ್ಟೆ ಸೀಳಿದರು. ಹತ್ತಿಯೊಳಗೆ ಮೊಳೆ ತುಂಬಿ, ಮೊನೆಗಳನ್ನು ರೆಕ್ಕೆಯಡಿ ಹೊರಗೆ ತಿರುಗಿಸಿ, "ಹೊಲಿ. ಗಟ್ಟಿಯಾಗಿ ಕಚ್ಚಿದರೆ ಅದಕ್ಕೇ ಬುದ್ಧಿ ಬರುತ್ತೆ," ಎಂದು ಪುಟ್ಟಮಾದಮ್ಮನ ಮುಂದೆ ಎಸೆದರು.

"ನನ್ ಕೈಲಿ ಇದ ಹೊಲ್ಯಾಕಾಗಕಿಲ್ಲ."

ಅವರೇ ತಂತಿ ಸುತ್ತಿ ಬಿಗಿದರು, ಅಂಗಳಕ್ಕೆ ಎಸೆದರು. ಡೂಕ ಖುಷಿಯಿಂದ ಓಡಿಬಂದ. ನನಗೆ ಬಾಯಿದ್ದಿದ್ದರೆ ಬೇಡವೆಂದು ಕಿರುಚುತ್ತಿದ್ದೆ. ಮೆಲ್ಲಗೇ ಹಿಡಿದ, ಆದರೂ ಚುಚ್ಚಿತು. ಕುಂಯ್‌ಗುಟ್ಟಿದ, ಬಿಡಲಿಲ್ಲ, ಬಿಡು ಎಂದು ಯಾರೂ ಹೇಳಿರಲಿಲ್ಲವಲ್ಲ! ತಂದು ಯಜಮಾನರ ಮುಂದೆ ಕೂತ. ಅವರು ಜಗ್ಗಿದರು. ಅವನ ರಕ್ತದಲ್ಲಿ ನನ್ನ ಗರಿಗಳು ತೊಯ್ದವು.

"ಬುಡು ಕಂದಾ!" ಪುಟ್ಟಮಾದಮ್ಮ ಓಡಿಬಂದಳು. ಅವನು ಬಿಟ್ಟ. ಅವಳು ನನ್ನನ್ನು ಕಸಿದು ಯಜಮಾನರ ಬಾಯಿಯ ಮುಂದೆ ಹಿಡಿದಳು.

"ಈಗ ನೀವ್ ಕಚ್ಕಳಿ ಬುದ್ಧೀ. ನಾನ್ ಎಳೀತೀನಿ."

ಅರಸರ ಮುಖ ಕೆಂಪೇರಿತು. "ಆ ಕೆಲಸಕ್ಕೆ ಬಾರದ ನಾಯಿನೂ ಕರ್ಕೊಂಡು ತೊಲಗು!"

ಅವಳು ನನ್ನನ್ನು ಅಲ್ಲೇ ಎಸೆದು, ಡೂಕನ ಬಾಯಿಗೆ ಸೆರಗು ಒತ್ತಿಕೊಂಡು ಹೊರಟಳು. ಅವನು ಆಮೇಲೆ ಯಾವ ವಸ್ತುವನ್ನೂ ಕಚ್ಚಿ ಎತ್ತಲಿಲ್ಲವಂತೆ. ಮುದ್ದೆಯನ್ನೂ ಅವಳ ಅಂಗೈಯಿಂದ ನೆಕ್ಕಿಯೇ ತಿನ್ನುತ್ತಾನೆಂದು ಗಾಡಿಯವನು ಹೇಳುತ್ತಿದ್ದ.

ನಾನು ಗಾಡಿ ಕೊಟ್ಟಿಗೆಯ ಅಟ್ಟದಲ್ಲಿದ್ದೇನೆ. ಮೊಳೆಗಳು ತುಕ್ಕು ಹಿಡಿದಿವೆ. ಹೆಗ್ಗಣವೂ ನನ್ನನ್ನು ಮೂಸಿ ಬಿಟ್ಟುಹೋಗುತ್ತದೆ. ಮುಪ್ಪಿನಲ್ಲಿ ಸಿಟ್ಟು ತಣಿಯುತ್ತದೆ ಅನ್ನುತ್ತಾರೆ. ನನ್ನದು ತಣಿದಿಲ್ಲ. ಅವತ್ತು ಗೇಟು ದಾಟುವ ಮೊದಲು ಡೂಕ ಹಿಂದಿರುಗಿ ಬಂದು, ರಕ್ತ ಸೋರುವ ಬಾಯಲ್ಲೇ ಅರಸರ ಕೈ ನೆಕ್ಕಿ, ಬಾಲ ಆಡಿಸಿ ಹೋದ. ಅವರು ಕೈಯನ್ನು ಪಂಚೆಗೆ ಒರೆಸಿಕೊಂಡರು.