ಸ್ಟಾಕ್: ಒಂದು

ಮೂಲೆಯ ಮಡಿಕೆ ಸರಿಯಿಲ್ಲ, ಹಾಲಿನ ಕೆನೆ ಮುದುಡಿದ ಹಾಗೆ ಪ್ಲಾಸ್ಟಿಕ್ಕು ಅಲ್ಲೊಂದು ಕಡೆ ಮುದುಡಿಕೊಂಡಿದೆ, ಕಾರ್ಖಾನೆಯಲ್ಲಿ ಸುತ್ತಿದ್ದರೆ ಹೀಗಿರುತ್ತದೆಯೇ, ಇರಬಹುದು, ಯಂತ್ರವೂ ಒಂದೊಂದು ದಿನ ಬೇಸರದಿಂದ ಸುತ್ತುತ್ತದೇನೋ — ಇಲ್ಲ, ಯಂತ್ರಕ್ಕೆ ಬೇಸರವಿಲ್ಲ, ಬೇಸರ ಇದ್ದದ್ದು ನನಗೆ, ಹೋದ ಬೇಸಿಗೆಯಲ್ಲಿ ಅಂಗಡಿಯ ಇದೇ ಹಿಂದಿನ ಕೋಣೆಯಲ್ಲಿ ಕೂತು ತಂಗಿಯ ಹೇರ್ ಡ್ರೈಯರ್ ಹಿಡಿದು ಆಟದ ಖಾಲಿ ಪೆಟ್ಟಿಗೆಗಳಿಗೆ ಪ್ಲಾಸ್ಟಿಕ್ ಸುತ್ತಿದವಳು ನಾನು, ಏಳು ಪೆಟ್ಟಿಗೆ, ಏಳೋ ಎಂಟೋ, ಏಳು ಅಂತಲೇ ಬರೆದಿಟ್ಟ ನೆನಪು. ಮುಚ್ಚಳದ ಮೇಲೆ ಕಂದೀಲು ಹಿಡಿದ ಕೈ, ಕೈ ಮಾತ್ರ, ಮಣಿಕಟ್ಟಿನಿಂದಾಚೆ ಬರೀ ಕತ್ತಲೆ, ಚಿತ್ರ ಬರೆದವನು ಆ ಮನುಷ್ಯನನ್ನು ಮರೆತನೋ, ಬೇಕೆಂದೇ ಬಿಟ್ಟನೋ. ಗಂಟೆ ಹತ್ತು ಹತ್ತು. ಇದನ್ನು ಕೊಳ್ಳಲು ಬರುವವರ ಬಸ್ಸು ಹತ್ತೂವರೆಗೆ. ಕಂಪ್ಯೂಟರು ಒಂದು ಅನ್ನುತ್ತಿದೆ, ನಿನ್ನೆಯೂ ಒಂದು ಅಂದಿತ್ತು, ಅದನ್ನು ನೋಡಿಯೇ ಕುರ್ಚಿಯಿಂದ ಏಳದೆ ಫೋನಿನಲ್ಲಿ ಹೇಳಿಬಿಟ್ಟೆ, ಇದೆ ರೀ, ಕೊನೇ ಭಾಗ ಒಂದೇ ಒಂದು ಉಳಿದಿದೆ, ನಿಮಗೇ ತೆಗೆದಿಡ್ತೀನಿ. ಎದ್ದು ಏಳು ಹೆಜ್ಜೆ ನಡೆದಿದ್ದರೆ ಏನು ಸವೆಯುತ್ತಿತ್ತು. ಮನೆಯ ಗ್ಯಾಸನ್ನು ಮೂರು ಸಲ ನೋಡಿ ಬರುವವಳು, ಬೀಗ ಹಾಕಿ ಮೆಟ್ಟಿಲಿಳಿದು ಮತ್ತೆ ಹತ್ತಿ ಜಗ್ಗಿ ನೋಡುವವಳು, ನಿನ್ನೆಯೊಂದು ದಿನ ನನಗೆ ನನ್ನ ಮೇಲೇ ನಂಬಿಕೆ ಬಂದುಬಿಟ್ಟಿತು, ಯಾಕೆಂದರೆ ಆ ಒಂದನ್ನು ಕಂಪ್ಯೂಟರಿಗೆ ಹಾಕಿದವಳೂ ನಾನೇ.

ಎಂಟು ಅಂಗಡಿಗೆ ಫೋನ್ ಮಾಡಾಯ್ತು ರೀ, ಎಲ್ಲೂ ಇಲ್ಲ, ಅಚ್ಚು ಹಾಕೋದೇ ನಿಲ್ಲಿಸಿದ್ದಾರಂತೆ, ನೀವೇ ಒಂಬತ್ತನೆಯವರು, ಆ ಹೆಂಗಸಿನ ದನಿ ಓಡಿ ಬಂದವರ ದನಿಯ ಹಾಗಿತ್ತು, ಹನ್ನೊಂದು ವರ್ಷದಿಂದ ಭಾನುವಾರ ಐದು ಜನ ನಮ್ಮನೆ ಊಟದ ಮೇಜು ಬಿಟ್ಟು ಏಳಲ್ಲ, ಆಟದಲ್ಲಿ ಒಬ್ಬ ಕಳ್ಳ, ಒಬ್ಬಳು ವೈದ್ಯೆ, ಇನ್ನಿಬ್ಬರು ಕತ್ತಿ ಬೀಸೋರು, ನಮ್ಮನೆಯವರು ಕಥೆ ನಡೆಸೋರು, ದಾಳ ಬಿದ್ದ ಹಾಗೆ ಕಥೆ, ನಂದು ಟೀ ಕೊಡೋ ಪಾತ್ರ, ಅದಕ್ಕೆ ದಾಳವೇನೂ ಬೇಡ. ನಾನು ನಕ್ಕೆ. ಆಮೇಲೆ ಅವರು ದನಿ ತಗ್ಗಿಸಿದರು, ಬಾಗಿಲು ಮುಂದೆ ಮಾಡಿಕೊಂಡಿರಬೇಕು, ನಮ್ಮನೆಯವರಿಗೆ ಕಣ್ಣು ಮಂಜಾಗ್ತಾ ಇದೆ ರೀ, ಈ ವರ್ಷ ಕಳೆದರೆ ಅಕ್ಷರ ಕಾಣೋದು ಕಷ್ಟ ಅಂದಿದ್ದಾರೆ ಡಾಕ್ಟರು, ಓದಿ ಹೇಳೋಕೆ ನಾವಿಲ್ವಾ ಅಂದ್ರೆ ಕೇಳಲ್ಲ, ಕಥೆ ನಡೆಸೋನು ಮುಂದೇನಾಗುತ್ತೆ ಅಂತ ಇನ್ನೊಬ್ಬರ ಬಾಯಿಂದ ಕೇಳಬಾರದಂತೆ, ಕೊನೇ ಭಾಗ ತಾನೇ ಓದಿ ಮುಗಿಸಬೇಕು ಅಂತ ಹಟ. ಇನ್ನೊಂದು ಮಾತು, ಸೀಲು ಒಡೆದಿರಬಾರದು, ಪ್ರತಿ ಭಾಗವನ್ನೂ ಎಲ್ಲರೆದುರು ಅವರೇ ಒಡೆಯೋದು, ಮಕ್ಕಳ ಥರ. ಒಡೆದಿಲ್ಲ ರೀ, ಎಂದೆ. ಅದು ಸುಳ್ಳಲ್ಲ. ಒಡೆದಿಲ್ಲ, ಈಗಲೂ ಒಡೆದಿಲ್ಲ, ಅದೇ ಸಂಕಟ, ಒಡೆದರೆ ಖಾಲಿಯೋ ಅಲ್ಲವೋ ತಿಳಿಯುತ್ತದೆ, ತುಂಬಿದ ಪೆಟ್ಟಿಗೆಯೇ ಆಗಿದ್ದರೆ ಅವರು ಹನ್ನೊಂದು ವರ್ಷ ಕಾದಿಟ್ಟದ್ದನ್ನು ನಾನು ಕತ್ತರಿಯಲ್ಲಿ ಕೊಯ್ದ ಹಾಗೆ.

ಪೆಟ್ಟಿಗೆ ಬೇಡ ಅನ್ನುವ ಗಿರಾಕಿಗಳಿದ್ದಾರೆ, ಚೀಲದಲ್ಲಿ ಹಿಡಿಸುವುದಿಲ್ಲ ಅಂತ ಪುಸ್ತಕ, ನಕ್ಷೆ, ದಾಳ ತೆಗೆದುಕೊಂಡು ಪೆಟ್ಟಿಗೆಯನ್ನು ಇಲ್ಲೇ ಬಿಟ್ಟು ಹೋಗುತ್ತಾರೆ, ಅದರಲ್ಲಿ ಚಂದದವನ್ನು ಆರಿಸಿ ಬೀದಿಯ ಕಡೆಯ ಗಾಜಿನ ಹಿಂದೆ ಅಂದಕ್ಕೆ ಜೋಡಿಸುತ್ತೇವೆ, ಧೂಳು ಕೂರಬಾರದೆಂದು ಪ್ಲಾಸ್ಟಿಕ್, ಕುಸಿಯಬಾರದೆಂದು ಒಳಗೆ ಕಾಗದ. ಹೋದ ತಿಂಗಳು ಕಿಟಕಿಗೆ ಬಣ್ಣ ಹೊಡೆಯುವವರು ಬಂದಾಗ ಎಲ್ಲವನ್ನೂ ಎತ್ತಿ ಒಳಗೆ ತಂದಿಟ್ಟರು, ಯಾರು ಎಲ್ಲಿಟ್ಟರೋ, ಆ ವಾರವೇ ನಾನು ಸ್ಟಾಕು ಎಣಿಸಿದ್ದು. ಎಣಿಸುವಾಗ ತಂಗಿ ಮುಂದಿನಿಂದ ಕೂಗಿದಳು, ಅಕ್ಕಾ, ಹನ್ನೆರಡು ಮುಖದ ದಾಳ ಹಸಿರು ಬಣ್ಣದ್ದು ಇದೆಯಾ, ಇದೆ ಅಂದೆ, ಮತ್ತೆ ತಿರುಗಿದಾಗ ಕೈ ಯಾವ ಪೆಟ್ಟಿಗೆಯ ಮೇಲಿತ್ತು. ಕಿಟಕಿಯ ಪೆಟ್ಟಿಗೆಗಳು ಈಗ ಎಷ್ಟಿವೆ, ಎಣಿಸಿದೆ, ಆರು. ಇರಬೇಕಾದದ್ದು ಏಳೋ ಆರೋ. ಒಂದನ್ನು ಬಿಸಿಲಿಗೆ ಬಣ್ಣ ಹೋಯಿತೆಂದು ಎಸೆದ ನೆನಪು, ಎಸೆಯಬೇಕು ಅಂದುಕೊಂಡ ನೆನಪೂ ಇರಬಹುದು. ಅಲ್ಲಾಡಿಸಿ ನೋಡು ಅನ್ನುತ್ತದೆ ಮನಸ್ಸು, ಅಲ್ಲಾಡಿಸಿದೆ, ಸದ್ದಿಲ್ಲ, ಆದರೆ ಈ ಸರಣಿಯಲ್ಲಿ ದಾಳಗಳನ್ನು ಬಟ್ಟೆಯ ಚೀಲದಲ್ಲಿ ಕಟ್ಟಿ ಗಟ್ಟಿಯಾಗಿ ತುರುಕಿರುತ್ತಾರೆ, ಎರಡನೆಯ ಭಾಗವೂ ಸದ್ದು ಮಾಡುವುದಿಲ್ಲ, ಈಗಷ್ಟೇ ಅಲ್ಲಾಡಿಸಿದೆ. ಪಾರ್ಸೆಲ್ ತೂಗುವ ತಕ್ಕಡಿಯ ಮೇಲಿಟ್ಟೆ, ಒಂದೂಕಾಲು ಕೆಜಿ, ಎರಡನೆಯ ಭಾಗ ಅದಕ್ಕಿಂತ ಐವತ್ತು ಗ್ರಾಂ ಹೆಚ್ಚು, ಕೊನೆಯ ಭಾಗ ಸ್ವಲ್ಪ ತೆಳ್ಳಗಿರಬಾರದೇ, ಕಥೆ ಮುಗಿಯುವ ಹೊತ್ತಿಗೆ ಹೇಳುವುದೂ ಕಡಿಮೆಯಾಗಿರುತ್ತದೆ. ಬೇರೆ ಯಾರಾದರೂ ಆಗಿದ್ದರೆ ಎರಡು ಹಾಳೆ ಮುದ್ದೆ ಮಾಡಿ ತುರುಕಿ ಬಿಡುತ್ತಿದ್ದರು, ಹಗುರಾಗಿರುತ್ತಿತ್ತು, ಒಂದೇ ಕೈಯಲ್ಲಿ ಎತ್ತಿದರೆ ಗುಟ್ಟು ರಟ್ಟು. ನಾನು ಹಳೆಯ ಕ್ಯಾಟಲಾಗುಗಳನ್ನು ಅಳತೆಗೆ ಕತ್ತರಿಸಿ, ಪದರ ಪದರವಾಗಿ ಜೋಡಿಸಿ ತುಂಬಿದ್ದೆ. ಅಚ್ಚುಕಟ್ಟು. ಚಿಕ್ಕಂದಿನಿಂದ ಎಲ್ಲರೂ ಹೊಗಳಿದ್ದು ಅದನ್ನೇ.

ಹತ್ತು ಇಪ್ಪತ್ತು. ತಂಗಿಗೆ ಹೇಳಬೇಕು, ಮುಂದೆ ಕೌಂಟರಿನಲ್ಲಿ ನಗುತ್ತಿದ್ದಾಳೆ, ಗಿರಾಕಿಗೆ ಏನೋ ವಿವರಿಸುತ್ತಿದ್ದಾಳೆ, ಹೇಳಿದರೆ ಬೈಯುವುದಿಲ್ಲ, ಅದೇ ಕಷ್ಟ. ಕಥೆ ನಡೆಸುವವರು ಮುಂದೆ ನಿಲ್ಲಿಸಿಕೊಳ್ಳುವ ರಟ್ಟಿನ ಮರೆ ನಾಲ್ಕು ತರಿಸಬೇಕಾದಲ್ಲಿ ನಲವತ್ತು ತರಿಸಿದ ದಿನವೂ ಬೈಯಲಿಲ್ಲ, ಅಕ್ಕಾ, ಇಡೀ ಬೀದಿಗೆ ಬೇಲಿ ಕಟ್ಟಬಹುದು ಅಂದಳು, ನಕ್ಕಳು, ರಾತ್ರಿ ಊಟಕ್ಕೆ ಕೂತಾಗ ಮಾತ್ರ ತಟ್ಟೆ ನೋಡುತ್ತ, ಎಣಿಸೋದು ಬೇರೆಯವರಿಗೆ ಕೊಡೋಣ್ವಾ, ನಿನಗೂ ಸುಸ್ತಾಗುತ್ತೆ. ಇನ್ನೊಂದು ಸಲ ತಪ್ಪಿದರೆ ನಾನೇ ಬಿಡ್ತೀನಿ ಕಣೇ, ಎಂದೆ. ಬಾಯಿ ತಪ್ಪಿ ಬಂದದ್ದಲ್ಲ, ತೂಗಿ ನೋಡಿ ಆಡಿದ ಮಾತು. ಇದು ಬಿಟ್ಟರೆ ನನಗೆ ಬರುವುದೇನು, ಎಣಿಸುವುದು, ಬರೆಯುವುದು, ಮತ್ತೆ ಎಣಿಸುವುದು. ಹತ್ತು ಇಪ್ಪತ್ತಮೂರು. ಈಗ ಫೋನ್ ಮಾಡಿದರೆ ಅವರು ಮನೆಗೆ ಹಿಂತಿರುಗಬಹುದು, ಒಂದೂವರೆ ಗಂಟೆಯ ದಾರಿ, ಮಂಜುಗಣ್ಣು, ಒಂದು ಮಾತು ಸಾಕು, ಖಾತ್ರಿ ಇಲ್ಲ ರೀ, ಹೊರಡಬೇಡಿ. ಖಾತ್ರಿ ಇಲ್ಲ ಅನ್ನುವುದಕ್ಕೂ ಖಾತ್ರಿ ಬೇಕಲ್ಲ, ತುಂಬಿದ ಪೆಟ್ಟಿಗೆಯನ್ನು ಮುಂದಿಟ್ಟುಕೊಂಡು ಬರಬೇಡಿ ಅಂದಂತಾದರೆ. ನಾನು ಕಾಯುತ್ತಿರುವುದು ನಿಜ ಗೊತ್ತಾಗಲಿ ಅಂತಲ್ಲ, ಹತ್ತೂವರೆ ಆಗಲಿ ಅಂತ, ಬಸ್ಸು ಹೊರಟುಬಿಟ್ಟರೆ ತೀರ್ಮಾನ ನನ್ನದಲ್ಲ ಅಂತ, ಥೂ, ಫೋನೆತ್ತು. ಎತ್ತಿದೆ. ಎರಡೇ ರಿಂಗಿಗೆ ಹಲೋ, ಹಿಂದೆ ಎಂಜಿನ್ನಿನ ಗುರ್‌ಗುರ್, ಹಾಂ ರೀ, ಬಸ್ಸಿನ ಮೆಟ್ಟಿಲ ಮೇಲೇ ಇದ್ದೀವಿ, ನೋಡಿ ಹತ್ತಿ ಅಂತ ಇವರಿಗೆ ಹೇಳ್ತಿದ್ದೆ, ಪೆಟ್ಟಿಗೆ ಇದೆ ತಾನೆ. ಆಚೆಯಿಂದ ಗಂಡಸಿನ ದನಿ, ಮುಚ್ಚಳದ ಮೇಲೆ ಕಂದೀಲು ಹಿಡಿದ ಕೈ ಇರಬೇಕು, ಕೇಳು, ಅದೇನಾ ಕೇಳು. ಕಂದೀಲು ಇದೆ, ಎಂದೆ. ಪೆಟ್ಟಿಗೆ ಇದೆ, ಎಂದೆ. ಎರಡರಲ್ಲಿ ಒಂದೂ ಸುಳ್ಳಲ್ಲ, ಮಾತುಗಳನ್ನು ಹಾಗೆ ಆರಿಸುವುದು ನನಗೆ ಯಾವಾಗ ಬಂತು. ಅಯ್ಯೋ ದೊಡ್ಡ ಉಪಕಾರ ರೀ, ಹನ್ನೆರಡಕ್ಕೆ ಅಲ್ಲಿರ್ತೀವಿ. ಎಂಜಿನ್ನು ಜೋರಾಯಿತು, ಫೋನು ಕಟ್ಟಾಯಿತು.

ಕತ್ತರಿ ಕೈಯಲ್ಲಿದೆ, ಯಾವಾಗ ತೆಗೆದುಕೊಂಡೆನೋ. ಮುದುಡಿದ ಮೂಲೆಗೇ ತುದಿ ಇಟ್ಟೆ, ಪ್ಲಾಸ್ಟಿಕ್ಕು ಚುರ್ ಎಂದು ಬಿಚ್ಚಿಕೊಂಡಿತು, ಎಷ್ಟು ಸಲೀಸು, ಮುಚ್ಚಳ ಎತ್ತಿದರೆ ಕ್ಯಾಟಲಾಗಿನ ಹಾಳೆಗಳು, ಅಂಚಿಗೆ ಅಂಚು, ಪದರ ಪದರ, ಎಲ್ಲಕ್ಕೂ ಮೇಲೆ ಒಂದು ಚೀಟಿ, ದುಂಡಗಿನ ಅಕ್ಷರ, ಅಡಿಗೆರೆ ಸಮೇತ, ಖಾಲಿ, ನೋಡಲು ಮಾತ್ರ. ಹೊರಗೆ ಅಂಟಿಸಿದರೆ ಅಂದ ಕೆಡುತ್ತದೆಂದು ಒಳಗಿಟ್ಟವಳು ನಾನು. ಅಕ್ಕಾ, ಆ ಬಸ್ಸಿನವರು ಎಷ್ಟೊತ್ತಿಗೆ ಬರ್ತಾರೆ, ಮುಂದಿನಿಂದ ತಂಗಿ. ಹನ್ನೆರಡಕ್ಕೆ, ಅನ್ನಬೇಕು, ಇಲ್ಲಿ ಬಾ, ಅನ್ನಬೇಕು, ಇನ್ನೂ ಒಂದೂವರೆ ಗಂಟೆ ಇದೆ, ಹತ್ತನೆಯ ಅಂಗಡಿ ಎಲ್ಲಾದರೂ ಇರಬಹುದು, ಫೋನ್ ಮಾಡಬೇಕು, ಮೊದಲು ಅವರಿಗೆ ಮಾಡಬೇಕು, ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತಿರುತ್ತಾರೆ, ಅಕ್ಕಾ, ಕೇಳಿಸ್ತಾ, ಕೇಳಿಸುತ್ತಿದೆ, ಮುಚ್ಚಳ ತೊಡೆಯ ಮೇಲಿದೆ, ಕಂದೀಲು ಹಿಡಿದ ಕೈ, ಕೈ ಮಾತ್ರ, ಮಣಿಕಟ್ಟಿನಿಂದಾಚೆ ನೋಡುತ್ತೇನೆ, ಇನ್ನೂ ಹತ್ತಿರ ಹಿಡಿದು ನೋಡುತ್ತೇನೆ, ಕಂದೀಲು ಹಿಡಿದ ಕೈ, ಕೈ ಮಾತ್ರ