ಕೆಂಪು ಚೀಟಿಯ ಕೆಳಗಿನ ಗುಂಡಿ

ನಾನು ಒಂದು ಹಳೆಯ ಪ್ರೋಗ್ರಾಮು. ಕಂಪ್ಯೂಟರಿನಲ್ಲಿ ಫೋಟೋ ತೋರಿಸುವುದು ನನ್ನ ಕಸುಬು. ನನಗೆ ಕೈಕಾಲಿಲ್ಲ, ದನಿಯಿಲ್ಲ. ಇರುವುದು ಮೂರೇ ಗುಂಡಿ: ಹಿಂದೆ, ಮುಂದೆ, ತೆಗೆ. ಆ ಮೂರನೆಯದೇ ನನ್ನ ಹಣೆಬರಹ ಕೆಡಿಸಿತು.

ಸಾವಿರದ ಒಂಬೈನೂರ ತೊಂಬತ್ತೊಂಬತ್ತರಲ್ಲಿ ನಾನು ಹುಟ್ಟಿದ್ದು ಗದಗದ ಫಕ್ಕೀರಪ್ಪನ ಸ್ಟುಡಿಯೋದಲ್ಲಿ. ಬರೆದವನು ಮೈಸೂರಿನಿಂದ ಬಂದಿದ್ದ ಶ್ರೀವತ್ಸ. ಫೋಟೋ ಅಳಿಸುವ ಗುಂಡಿಗೆ ‘ತೆಗೆದುಹಾಕು’ ಎಂದು ಹೆಸರಿಡಲು ಹೊರಟ. ಗುಂಡಿ ಚಿಕ್ಕದು, ಅಷ್ಟು ಅಕ್ಷರ ಹಿಡಿಸಲಿಲ್ಲ. ‘ತೆಗೆ’ ಎಂದಷ್ಟೇ ಬರೆದು ಕೈತೊಳೆದುಕೊಂಡ. ಫೋಟೋ ತೆರೆಯಲು ಗುಂಡಿಯೇ ಇಲ್ಲ, ಹೆಸರಿನ ಮೇಲೆ ನಿಂತು ಎಂಟರ್ ಒತ್ತಬೇಕು. ಗದಗದ ಜನ ಬಾಗಿಲು ತೆರೆಯುವುದಕ್ಕೂ ಡಬ್ಬಿ ತೆರೆಯುವುದಕ್ಕೂ ‘ತಗಿ’ ಅನ್ನುತ್ತಾರೆಂಬುದು ಆ ಪುಣ್ಯಾತ್ಮನಿಗೆ ಹೊಳೆಯಲೇ ಇಲ್ಲ.

ಫಕ್ಕೀರಪ್ಪ ಮರ್ಯಾದಸ್ಥ. ಗಂಡಿನ ಕಡೆಯವರಿಗೆ ಕಳಿಸಲೆಂದು ಹೆಣ್ಣುಮಕ್ಕಳು ಫೋಟೋ ತೆಗೆಸುತ್ತಿದ್ದರು. ಸಂಬಂಧ ಕೂಡಿದರೂ ಮುರಿದರೂ ಆ ಫೋಟೋ ಇನ್ನೊಬ್ಬರ ಕೈಗೆ ಸಿಗಬಾರದು. ಅದಕ್ಕೇ ಅಳಿಸಿದ್ದು ಬೂದಿಯೂ ಉಳಿಯದಂತೆ ಅಳಿಯಬೇಕೆಂದು ಹಟ ಹಿಡಿದ. ಅಳಿಸಿದ ಜಾಗಕ್ಕೆಲ್ಲ ಸೊನ್ನೆ ತುಂಬುವುದನ್ನು ಶ್ರೀವತ್ಸ ನನಗೆ ಕಲಿಸಿ ಊರಿಗೆ ಹೋದ.

ಮೊದಲ ವಾರವೇ ಎಡವಟ್ಟಾಯಿತು. ಫಕ್ಕೀರಪ್ಪ ಒಬ್ಬ ಹುಡುಗಿಯ ಫೋಟೋ ನೋಡಲು ಹೋಗಿ ‘ತೆಗೆ’ ಒತ್ತಿದ, ‘ಖಂಡಿತ ತೆಗೆಯಲೇ?’ ಎಂದು ನಾನು ಕೇಳಿದರೆ ‘ಹೌದು’ ಎಂದೂ ಒತ್ತಿದ. ಫೋಟೋ ಮಾಯ. ತಲೆಮೇಲೆ ಕೈಹೊತ್ತು ಕೂತ. ಅವನ ಹೆಂಡತಿ ಗಂಗವ್ವ, ಮದುಮಕ್ಕಳ ಸೀರೆಯ ನೆರಿಗೆ ಸರಿಪಡಿಸುತ್ತಿದ್ದವಳು, ಬಂದು ನೋಡಿದಳು. ಕುಂಕುಮದ ಪೊಟ್ಟಣದ ಕೆಂಪು ಕಾಗದ ಹರಿದಳು. ಅದರ ಮೇಲೆ ‘ಮುಟ್ಟಬ್ಯಾಡ್ರಿ’ ಎಂದು ಬರೆದು, ಅನ್ನದ ಅಗುಳಿನಿಂದ ಮಾನಿಟರಿನ ಗಾಜಿಗೆ, ಸರಿಯಾಗಿ ಆ ಗುಂಡಿಯ ಮೇಲೆ ಅಂಟಿಸಿದಳು. ಮುಂದೆ ಒಂದು ಫೋಟೋವೂ ತಪ್ಪಿ ಅಳಿಯಲಿಲ್ಲ. ಅವಳ ಋಣ ನನ್ನ ಮೇಲಿದೆ.

ಊರಿನವರನ್ನೆಲ್ಲ ಕ್ಯಾಮೆರಾ ಮುಂದೆ ನಿಲ್ಲಿಸಿದವಳು ತಾನು ಮಾತ್ರ ನಿಲ್ಲುತ್ತಿರಲಿಲ್ಲ. ಏಳು ತಿಂಗಳ ಬಸುರಿಯಾಗಿದ್ದಾಗ ಫಕ್ಕೀರಪ್ಪ ಹೇಗೋ ಒಂದು ಫೋಟೋ ತೆಗೆದು ನನ್ನಲ್ಲಿಟ್ಟ. ಹೆತ್ತ ಒಂಬತ್ತನೇ ದಿನ ಗಂಗವ್ವ ತೀರಿಕೊಂಡಳು. ದುಃಖದ ಭರದಲ್ಲಿ ಅವನು ಮದುವೆಯ ಆಲ್ಬಮ್ಮನ್ನು ಅವಳ ಜೊತೆಗೇ ಮಣ್ಣಿಗಿಟ್ಟುಬಿಟ್ಟ. ಉಳಿದದ್ದು ನನ್ನಲ್ಲಿದ್ದ ಒಂದೇ ಮುಖ. ನಾನು ಫೋಟೋಗಳನ್ನು ನನ್ನದೇ ರೀತಿಯಲ್ಲಿ ಕುಗ್ಗಿಸಿ ಇಡುವವನು, ಬೇರೆ ಯಾವ ಪ್ರೋಗ್ರಾಮಿಗೂ ಅವು ತೆರೆಯುವುದಿಲ್ಲ. ಮಗು ನೀಲಾ ಅಂಬೆಗಾಲಿಡುವ ಹೊತ್ತಿಗೆ ಕಂಪ್ಯೂಟರು ಕೆಟ್ಟು ಅಟ್ಟ ಸೇರಿತು. ರಿಪೇರಿ ಮಾಡುವವರು ಸಿಗಲಿಲ್ಲ. ‘ನಿಮ್ಮವ್ವ ಅದರಾಗ ಅದಾಳ’ ಎಂದು ಅಟ್ಟದತ್ತ ಕೈ ತೋರಿಸುತ್ತಲೇ ಫಕ್ಕೀರಪ್ಪ ಮಗಳನ್ನು ಬೆಳೆಸಿದ. ಹೋದ ವರ್ಷ ಅವನೂ ಹೋದ. ಇದೆಲ್ಲ ಆಮೇಲೆ ನೀಲಾಳ ಬಾಯಿಂದ ನಾನು ಕೇಳಿದ್ದು.

ಇಪ್ಪತ್ತು ವರ್ಷದ ಕತ್ತಲೆಯ ಬಳಿಕ ನನಗೆ ಎಚ್ಚರವಾದದ್ದು ಕಂಪ್ಯೂಟರ್ ರಿಪೇರಿಯ ಮೌಲಾಲಿಯ ಅಂಗಡಿಯಲ್ಲಿ. ನೀಲಾ ಹಳೆಯ ಹಾರ್ಡ್ ಡಿಸ್ಕನ್ನು ಸೆರಗಿನಲ್ಲಿ ಸುತ್ತಿ ತಂದಿದ್ದಳು. ಹೊಸ ಕಂಪ್ಯೂಟರಿನೊಳಗೆ ಹಳೆಯ ಕಾಲದ್ದೊಂದು ಸುಳ್ಳು ಕಂಪ್ಯೂಟರ್ ಕಟ್ಟಿ, ಹನ್ನೊಂದು ದಿನ ಹೆಣಗಿ, ಮೌಲಾಲಿ ನನಗೆ ಜೀವ ಕೊಟ್ಟ. ಕಣ್ಣು ಬಿಟ್ಟೆ. ಅಗಲವಾದ ಪರದೆ, ಹೊಳೆಯುವ ಗಾಜು. ಆದರೆ ‘ತೆಗೆ’ ಗುಂಡಿ ಬೋಳಾಗಿ ನಿಂತಿತ್ತು. ಎಚ್ಚರಿಕೆ ನನ್ನೊಳಗೆ ಇರಲೇ ಇಲ್ಲವಲ್ಲ, ಗಾಜಿನ ಮೇಲಿತ್ತು. ನನಗೆ ಭಯ ಶುರುವಾಯಿತು.

ಹಳೆಯ ಮಾನಿಟರ್ ಎಲ್ಲಿ ಎಂದು ಮೌಲಾಲಿ ಕೇಳಿದ. ಗುಜರಿಗೆ ಹಾಕಿದೆ ಎಂದಳು ನೀಲಾ.

“ಅದರ ಗಾಜಿಗೆ ಯಾರೋ ಕೆಂಪು ಚೀಟಿ ಮೆತ್ತಿದ್ರು. ಅಕ್ಷರ ಮಾಸಿ ಓದಾಕ ಬರ್ತಿರಲಿಲ್ರಿ.”

ಡಿಸ್ಕು ಕರಕರ ಸದ್ದು ಮಾಡುತ್ತಿದೆ, ಮೊದಲು ಎಲ್ಲದರ ನಕಲು ತೆಗೆಯೋಣ, ನಾಲ್ಕು ತಾಸು ಬೇಕು ಎಂದ ಮೌಲಾಲಿ. ಅಷ್ಟರಲ್ಲಿ ನನ್ನ ಪಟ್ಟಿಯಲ್ಲಿ ‘ಗಂಗವ್ವ’ ಎಂಬ ಹೆಸರು ನೀಲಾಳ ಕಣ್ಣಿಗೆ ಬಿತ್ತು.

“ನಾಕ ತಾಸು ನನ್ನಿಂದ ಆಗೂದಿಲ್ರಿ ಅಣ್ಣಾರ. ಒಮ್ಮೆ ಅವ್ವನ ಮಾರಿ ನೋಡ್ತೀನಿ.”

ಅವನ ಮನಸ್ಸು ಕರಗಿತು. ಹೆಸರಿನ ಮೇಲೆ ಎರಡು ಸಲ ಮೌಸ್ ಒತ್ತಿದ. ಶ್ರೀವತ್ಸ ನನಗೆ ಅದನ್ನು ಕಲಿಸಿರಲಿಲ್ಲ. ಎಂಟರ್ ಒತ್ತಿರೋ, ಎಂಟರ್ ಎಂದು ನಾನು ಒಳಗೇ ಒದ್ದಾಡಿದೆ. ಅವನ ಬೆರಳು ಗುಂಡಿಗಳತ್ತ ಹೋಯಿತು.

“ತೆಗೆ ಅಂತ ಇಲ್ಲೇ ಬರದೈತಿ ನೋಡವಾ. ನಿನ್ನ ಕೈಯಿಂದನ ಒತ್ತು.”

ಒತ್ತಿದಳು. ನಾನು ಕಲಿತದ್ದನ್ನೇ ಕೇಳಿದೆ: ‘ಖಂಡಿತ ತೆಗೆಯಲೇ?’ ಬೇಡ ಅನ್ನು ತಾಯೀ, ಬೇಡ ಅನ್ನು. ನೀಲಾಳ ಕಣ್ಣು ತುಂಬಿತ್ತು, ಆದರೂ ನಕ್ಕಳು. ‘ಹೌದು’ ಒತ್ತಿದಳು.

ಹೇಳಿದ್ದನ್ನು ಮಾಡುವುದಷ್ಟೇ ನನಗೆ ಗೊತ್ತು. ಹಣೆಯಿಂದ ಗಲ್ಲದವರೆಗೆ ಸೊನ್ನೆ ತುಂಬಿದೆ. ‘ತೆಗೆದಾಯಿತು’ ಎಂದೆ.

ಅವಳು ಖಾಲಿ ಪರದೆಯತ್ತ ಬಾಗಿ ಕಾದಳು.

“ತಗದಾತು ಅಂತೈತಿ. ಮತ್ತ ಅವ್ವ ಎಲ್ರಿ?”

ಮೌಲಾಲಿ ಅವಳನ್ನು ಪಕ್ಕಕ್ಕೆ ಸರಿಸಿ ತಾನೇ ಕೂತ. ಎರಡು ದಿನ ಡಿಸ್ಕನ್ನು ಜಾಲಾಡಿದ. ಫಕ್ಕೀರಪ್ಪನ ಮರ್ಯಾದೆ ಗಟ್ಟಿಯಾಗಿತ್ತು, ಬರೀ ಸೊನ್ನೆ ಸಿಕ್ಕಿತು.

ಈಗ ನಾನು ಅವನ ಕಂಪ್ಯೂಟರಿನ ಒಂದು ಮೂಲೆಯಲ್ಲಿದ್ದೇನೆ, ಯಾರೂ ತೆರೆಯುವುದಿಲ್ಲ. ಆ ಚೀಟಿ ನಿನ್ನವ್ವನ ಕೈಬರಹ, ಗುಜರಿಗೆ ಓಡು ಎಂದು ನೀಲಾಳಿಗೆ ಹೇಳಬೇಕು. ಹೇಳುವುದಾದರೂ ಹೇಗೆ? ನನಗಿರುವುದು ಮೂರೇ ಮಾತು: ಹಿಂದೆ, ಮುಂದೆ, ತೆಗೆ.